ಗೋಲ್‌ಕಂಬದ ಹಿಂದೆ ಒಂದು ವರ್ಷ

ಮಾನ್ವಿಯ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಫೋಟೋ ಸ್ಟುಡಿಯೋ ಇದೆ. ಇಪ್ಪತ್ತು ವರ್ಷದಿಂದ ನಾನು ಅಲುಗಾಡದ ಜನರ ಫೋಟೋ ತೆಗೆದವನು. ಪಾಸ್‌ಪೋರ್ಟ್ ಸೈಜಿಗೆ ಬಂದವರು ಉಸಿರು ಬಿಗಿಹಿಡಿದು ಕೂರುತ್ತಾರೆ. ಮದುವೆಗಳಲ್ಲಿ ತಾಳಿ ಕಟ್ಟುವ ಕೈಯನ್ನೇ ತಡೆದು ನಿಲ್ಲಿಸಿದ್ದುಂಟು. "ಇಲ್ಲಿ ನೋಡ್ರಿ" ಎಂದರೆ ಮುಹೂರ್ತವೂ ಒಂದು ಗಳಿಗೆ ಕಾಯುತ್ತದೆ. ಈ ಗತ್ತಿನಲ್ಲೇ ಮಗಳ ಫುಟ್‌ಬಾಲ್ ಆಟದ ಫೋಟೋ ತೆಗೆಯಲು ಹೋದೆ.

ಮಗಳು ಆಗ ಹತ್ತನೇ ತರಗತಿ. ಶಾಲೆಯ ಹುಡುಗಿಯರ ತಂಡದಲ್ಲಿ ಮುಂದೆ ನಿಂತು ಗೋಲು ಹೊಡೆಯುವವಳು. ಅವಳು ಸೇರಬೇಕಿದ್ದ ಕಾಲೇಜಿನಲ್ಲಿ ಹುಡುಗಿಯರ ತಂಡವೇ ಇರಲಿಲ್ಲ, ಹಾಗಾಗಿ ಆಟಕ್ಕೆ ಅದೇ ಕೊನೆಯ ವರ್ಷ. ಊರವರ ಮಕ್ಕಳನ್ನೆಲ್ಲ ಚಂದ ಮಾಡಿ ತೋರಿಸಿದವನ ಹತ್ತಿರ ಸ್ವಂತ ಮಗಳು ಗೋಲು ಹೊಡೆದ ಒಂದು ಫೋಟೋ ಇಲ್ಲದಿದ್ದರೆ ಹೇಗೆ? ಆ ಗಳಿಗೆಯ ಅವಳ ಮುಖ ನನಗೆ ಬೇಕಿತ್ತು. ಬೇರೇನೂ ಬೇಕಿರಲಿಲ್ಲ.

ಮೊದಲ ಮ್ಯಾಚು ಮಾನ್ವಿಯಲ್ಲೇ. ಎದುರಾಳಿಗಳ ಗೋಲಿನ ಹಿಂದೆ ಸ್ಟೂಲು ಹಾಕಿಕೊಂಡು ಕೂತೆ. ಸ್ವಲ್ಪ ಹೊತ್ತಿಗೆ ಮಗಳು ಬಾಲು ತೆಗೆದುಕೊಂಡು ನೇರ ನನ್ನ ಕಡೆಗೇ ಓಡಿ ಬಂದಳು. ಅಡ್ಡ ಇದ್ದವಳು ಗೋಲ್‌ಕೀಪರ್ ಒಬ್ಬಳೇ. ನನ್ನ ಬಾಯಿ ಸುಮ್ಮನಿರಬೇಕಲ್ಲ. "ಇಲ್ಲಿ ನೋಡವ್ವಾ" ಎಂದುಬಿಟ್ಟೆ. ಅವಳು ತಲೆಯೆತ್ತಿ ನೋಡಿದಳು, ನಾನು ಒತ್ತಿದೆ, ಬಾಲು ಕಂಬದ ಹೊರಗೆ ಹೋಯಿತು.

ಗೋಲು ತಪ್ಪಿದ್ದು ನನಗೆ ದೊಡ್ಡದಾಗಿ ಕಾಣಲಿಲ್ಲ. ಫೋಟೋ ಅಷ್ಟು ಚೆನ್ನಾಗಿ ಬಂದಿತ್ತು. ಕಣ್ಣು ನೇರ ಕ್ಯಾಮೆರಾದಲ್ಲಿ, ಕೆನ್ನೆಯ ಮೇಲೆ ಹದವಾದ ಬಿಸಿಲು. ಅದೇ ವಾರ ದೊಡ್ಡದು ಮಾಡಿ, ಕಟ್ಟು ಹಾಕಿಸಿ, ಸ್ಟುಡಿಯೋದ ಮುಂದಿನ ಗಾಜಿನೊಳಗೆ ಇಟ್ಟೆ. ಗೋಲಿನ ಫೋಟೋ ಸಿಗುವ ತನಕ ಇದಿರಲಿ ಅಂದುಕೊಂಡಿದ್ದೆ.

ಆ ದಿನ ಇನ್ನೊಂದೂ ಆಯಿತು. ಅರ್ಧ ಆಟ ಮುಗಿದ ಮೇಲೆ ತಂಡಗಳು ಬದಿ ಬದಲಿಸುತ್ತವೆ ಎಂಬುದು ನನಗೆ ಗೊತ್ತಿರಲಿಲ್ಲ. ಕೂತಲ್ಲೇ ಕೂತಿದ್ದೆ. ಎದುರಾಳಿಗಳ ಗೋಲು ಇದ್ದ ಜಾಗಕ್ಕೆ ಈಗ ನಮ್ಮ ಗೋಲು ಬಂದಿತ್ತು. ಆ ಅರ್ಧದಲ್ಲಿ ನಮ್ಮವರು ದೂರದ ಕಡೆ ಎರಡು ಗೋಲು ಹೊಡೆದು ಗೆದ್ದರು.

ಮುಂದಿನ ಮ್ಯಾಚಿಗೆ ಸ್ಟೂಲು ಹಿಡಿದು ಹೊರಟರೆ ಪಿ.ಟಿ. ಮಾಸ್ತರರು ಅಡ್ಡ ಬಂದರು.

"ಅಣ್ಣಾರ, ನಿಮ್ಮ ಕಾಲ್ಗುಣ ಚೊಲೋ ಅದರಿ. ನೀವು ನಮ್ಮ ಗೋಲಿನ ಹಿಂದ ಕುಂದರ್ರಿ, ಅಷ್ಟ ಸಾಕು."

ಕಾಲ್ಗುಣ ಎಂದು ಕೇಳಿ ಮೊದಲು ಖುಷಿಯೇ ಆಯಿತು. ಆ ಮ್ಯಾಚನ್ನೂ ಗೆದ್ದೆವು. ಅಲ್ಲಿಗೆ ನನ್ನ ಕಥೆ ಮುಗಿಯಿತು. ಆಮೇಲೆ ಪ್ರತಿ ಆಟದಲ್ಲೂ ಅರ್ಧ ಸಮಯಕ್ಕೆ ಮಾಸ್ತರರೇ ಬಂದು ನನ್ನ ಸ್ಟೂಲು ಎತ್ತಿಕೊಂಡು ಮೈದಾನ ಸುತ್ತಿ ಆ ಬದಿಗೆ ಕರೆದೊಯ್ಯುವರು. ಎಲ್ಲಿ ಹೋದರೂ ನನ್ನ ಮುಂದೆ ನಮ್ಮದೇ ಗೋಲು, ನಮ್ಮದೇ ಬಲೆ. ಕ್ಯಾಮೆರಾ ಆ ಬಲೆಯನ್ನೇ ಹಿಡಿಯುತ್ತಿತ್ತು. ನೂಲು ನೂಲೂ ಸ್ಪಷ್ಟ, ಅದರಾಚೆಯ ಹುಡುಗಿಯರೆಲ್ಲ ಮಬ್ಬು.

ಕಲಿಯದೆ ಗತಿಯಿರಲಿಲ್ಲ. ಫೋನಿನಲ್ಲಿ ವಿಡಿಯೋ ನೋಡಿದೆ. ಮದುವೆ ಮಂಟಪದ ಲೆಕ್ಕದಲ್ಲಿ ತೆಗೆದರೆ ಓಡುವ ಕಾಲು ಹೊಗೆಯಾಗುತ್ತದೆ, ಶಟರ್ ಸ್ಪೀಡ್ ಏರಿಸಬೇಕು ಎಂದು ತಿಳಿಯಿತು. ಲೆನ್ಸಿನ ಮೂತಿಯನ್ನು ಬಲೆಯ ಕಣ್ಣಿಗೆ ಒತ್ತಿ ಹಿಡಿದರೆ ನೂಲು ಮಾಯವಾಗುವುದನ್ನೂ ಕಂಡುಕೊಂಡೆ. ನನ್ನ ತೋಳಿಗೆ ಬುದ್ಧಿ ಬಂತು, ಬಾಲಿಗಿಂತ ಮೊದಲೇ ತಿರುಗತೊಡಗಿತು. ಆದರೆ ಸಿಗುತ್ತಿದ್ದದ್ದೇನು? ನಮ್ಮ ಗೋಲ್‌ಕೀಪರಳ ಜಡೆ, ನಮ್ಮವರ ಬೆನ್ನು. ಮಗಳೋ, ಪ್ರತಿ ಚಿತ್ರದಲ್ಲೂ ನನಗೆ ಬೆನ್ನು ಹಾಕಿ ದೂರ ಓಡುತ್ತಿದ್ದಳು. ಅಲ್ಲಿ ಅವಳು ಗೋಲು ಹೊಡೆದರೆ ಇಲ್ಲಿ ನನಗೆ ಕೂಗು ಮಾತ್ರ ಕೇಳಿಸುತ್ತಿತ್ತು. ಹೊಟ್ಟೆ ಉರಿಯುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ದೇವದುರ್ಗದ ಮ್ಯಾಚಿನಲ್ಲಿ ತಡೆಯಲಾಗಲಿಲ್ಲ. ಚಹಾ ಕುಡಿದು ಬರುತ್ತೇನೆಂದು ಎದ್ದು, ಮೈದಾನದ ಅಂಚಿನಲ್ಲೇ ಮೆಲ್ಲಗೆ ಆ ಬದಿಗೆ ಸರಿದೆ. ನಡು ಗೆರೆ ದಾಟಿದ್ದೆನೋ ಇಲ್ಲವೋ, ನಮ್ಮ ಗೋಲಿಗೆ ಬಾಲು ಬಿತ್ತು. ಆಟ ನೋಡಲು ಅರಕೇರಾದಿಂದ ಬಂದಿದ್ದ ನಮ್ಮ ಗೋಲ್‌ಕೀಪರಳ ತಾಯಿ ನನ್ನ ಕಾಲನ್ನೇ ನೋಡಿದಳು. ಮಾಸ್ತರರು ಕೈ ಹಿಡಿದು ವಾಪಸ್ ಕರೆತಂದರು. ಆಮೇಲೆ ನಮ್ಮವರು ಎರಡು ಗೋಲು ಹೊಡೆದು ಗೆದ್ದರು, ನನ್ನನ್ನು ಆ ಜಾಗಕ್ಕೆ ಕಟ್ಟಿಹಾಕಿದ್ದ ಬೀಗ ಇನ್ನೂ ಗಟ್ಟಿಯಾಯಿತು. ಬಸ್ಸಿನಲ್ಲಿ ಮಗಳು ನನ್ನ ಮುಖ ನೋಡಲಿಲ್ಲ. ಸಿಟ್ಟಾಗಿದ್ದಾಳೆ ಅಂದುಕೊಂಡೆ.

ಕೊನೆಯ ಮ್ಯಾಚು ರಾಯಚೂರಿನಲ್ಲಿ. ಹೋಗುವ ಮುಂಚೆ ಮಗಳನ್ನೇ ಕೇಳಿದೆ, ಇವತ್ತೊಂದು ದಿನ ಆ ಬದಿಗೆ ಹೋಗಲೇ ಎಂದು. ಬೇಡ ಎಂದು ತಲೆಯಾಡಿಸಿದಳು. ಬಿಸಿಲಲ್ಲಿ ಬೆಂದು ಅಲ್ಲೇ ಕೂತೆ. ಎರಡನೇ ಅರ್ಧದಲ್ಲಿ ದೂರದಲ್ಲೆಲ್ಲೋ ಅವಳ ಎರಡೂ ಕೈ ಮೇಲೆದ್ದವು. ಬಲೆಯ ಕಣ್ಣಿಗೆ ಲೆನ್ಸು ಒತ್ತಲೂ ಪುರಸೊತ್ತಿಲ್ಲದೆ ಸುಮ್ಮನೆ ಬಟನ್ ಒತ್ತಿದೆ. ಅದು ಅವಳ ಕೊನೆಯ ಗೋಲು. ಆಮೇಲೆ ನನ್ನ ಮೂಗಿನ ಮುಂದೆಯೇ ಎರಡು ಗೋಲು ಬಿದ್ದು ನಾವು ಸೋತೆವು.

ಮಾನ್ವಿಗೆ ಮರಳುವ ಬಸ್ಸಿನಲ್ಲಿ ಅವಳು ಕಿಟಕಿ ಪಕ್ಕ ಕೂತಿದ್ದಳು. ಅವಳಿಗೆ ಸಮಾಧಾನ ಹೇಳುವುದು ಬಿಟ್ಟು ನಾನು ನನ್ನ ಗೋಳನ್ನೇ ತೋಡಿಕೊಂಡೆ. ವರ್ಷಪೂರ್ತಿ ಕಂಬದ ಹಾಗೆ ನಿಲ್ಲಿಸಿದರು, ಕಾಲ್ಗುಣವೂ ಸುಳ್ಳಾಯಿತು, ನಿನ್ನ ಫೋಟೋವೂ ಸಿಗಲಿಲ್ಲ ಎಂದೆ.

"ಅಪ್ಪಾ, ಕಾಲ್ಗುಣದ್ದು ಸರ್‌ಗೆ ಹೇಳಿದಾಕಿ ನಾನ," ಅಂದಳು.

ಯಾಕೆ ಎಂದು ಕೇಳಿದೆ.

"ಆ ಕಡಿ ಕುಂತ್ರ ನೀ ಇಲ್ಲಿ ನೋಡವ್ವಾ ಅಂತಿ. ನೀ ಕರದ್ರ ನಾ ನೋಡ್ತೀನಿ. ನೋಡಲಾರದ ಇರಾಕ ನಂಗ ಬರಂಗಿಲ್ಲ."

ಬೈಯಬೇಕು ಅಂದುಕೊಂಡೆ, ಅಷ್ಟರಲ್ಲಿ ಗಾಜಿನೊಳಗಿನ ಫೋಟೋ ನೆನಪಾಯಿತು. ಅವಳು ದಿನಾ ಶಾಲೆಗೆ ಹೋಗುವ ದಾರಿಯಲ್ಲೇ ನನ್ನ ಅಂಗಡಿ. ಗೋಲು ತಪ್ಪಿಸಿದ ಗಳಿಗೆಯನ್ನು ಕಟ್ಟು ಹಾಕಿಸಿ, ಬಂದವರಿಗೆಲ್ಲ ತೋರಿಸಿ, ಹೊಗಳಿಸಿಕೊಂಡಿದ್ದೆ. ವರ್ಷವಿಡೀ ಅವಳು ಅದರ ಮುಂದೆಯೇ ಹಾದುಹೋಗಿದ್ದಳು, ಒಂದು ಮಾತು ಆಡದೆ. ನಾನೊಬ್ಬನೇ ಸಿಕ್ಕಿಬಿದ್ದಿದ್ದೇನೆ ಎಂದು ಗೊಣಗಿಕೊಂಡು ತಿರುಗಿದ್ದಕ್ಕೆ ನಾಚಿಕೆಯಾಯಿತು.

ಮರುದಿನ ಬೆಳಿಗ್ಗೆ ಅಂಗಡಿಯ ಶಟರ್ ಎತ್ತಿದವನೇ ಅದನ್ನು ತೆಗೆದೆ. ಅದೇ ಕಟ್ಟಿನಲ್ಲಿ ರಾಯಚೂರಿನ ಫೋಟೋ ಹಾಕಿದೆ. ಉದ್ದಕ್ಕೂ ಅಡ್ಡಕ್ಕೂ ಬಲೆಯ ನೂಲು, ಅದರಾಚೆ ಮಬ್ಬಾಗಿ ಹೆಬ್ಬೆರಳಷ್ಟು ಹುಡುಗಿಯ ಬೆನ್ನು, ಮೇಲೆದ್ದ ಎರಡು ಕೈ. ಗಿರಾಕಿ ಯಾರಾದರೂ ತಂದಿದ್ದರೆ ಇದನ್ನು ಯಾಕಪ್ಪಾ ದೊಡ್ಡದು ಮಾಡಿಸುತ್ತೀ ಎಂದು ಕೇಳುತ್ತಿದ್ದೆ.

ಸಂಜೆ ಶಾಲೆಯಿಂದ ಬರುವಾಗ ಮಗಳು ಗಾಜಿನ ಮುಂದೆ ನಿಂತಳು. ಆ ಗಾಜಿನ ಮುಂದೆ ಅವಳು ನಿಂತದ್ದನ್ನು ನಾನು ಕಂಡಿದ್ದು ಅದೇ ಮೊದಲು. ಒಳಗೆ ಬಂದು, ಎಲ್ಲಾ ಸರಿ, ಬಾಲು ಎಲ್ಲಿದೆ ಎಂದು ಕೇಳಿದಳು. ಕಟ್ಟನ್ನು ಇಳಿಸಿ ಟೇಬಲ್ಲಿನ ಮೇಲಿಟ್ಟು, ದೂರದ ಕಂಬಗಳ ನಡುವಿನ ಅಕ್ಕಿಕಾಳಿನಷ್ಟು ಬಿಳಿ ಚುಕ್ಕೆಯ ಮೇಲೆ ಬೆರಳಿಟ್ಟೆ.

"ಇಲ್ಲಿ ನೋಡವ್ವಾ," ಅಂದೆ.

ಬಗ್ಗಿ ನೋಡಿದಳು. ತುಂಬಾ ಹೊತ್ತು ನೋಡಿದಳು.