ಮದುವೆ ಪೆಂಡಾಲಿಗೆ ನುಗ್ಗಿದ ನೀರು ಮತ್ತು ಮಿಸ್ಡ್ ಕಾಲ್ ಪೇಟೆಂಟು

೧೯೯೬ರಲ್ಲಿ ನಾನು ಓದು ನಿಲ್ಲಿಸಿದೆ. ಹತ್ತನೆಯ ತರಗತಿಯಲ್ಲಿ ಗಣಿತ, ಇಂಗ್ಲಿಷು ಎರಡೂ ಒಟ್ಟಿಗೆ ಕೈಕೊಟ್ಟವು. ಮತ್ತೆ ಕಟ್ಟು ಎಂದರು ಮೇಷ್ಟರು, ನಾನು ಕಟ್ಟಲಿಲ್ಲ. ಚಿಂತಾಮಣಿಯ ಮೋಟರ್ ರೀವೈಂಡಿಂಗ್ ಅಂಗಡಿಯೊಂದರಲ್ಲಿ ತಾಮ್ರದ ತಂತಿ ಸುತ್ತಲು ಕೂತೆ. ಇದನ್ನು ನಾಚಿಕೆಯಿಂದ ಹೇಳುತ್ತಿಲ್ಲ. ನನ್ನ ಜೊತೆ ಕೂತು ಪಾಸಾದವರು ಇವತ್ತಿಗೂ ಮೋಟರು ಸುಟ್ಟರೆ ನನ್ನ ಹತ್ತಿರವೇ ಬರುತ್ತಾರೆ.

ಆಮೇಲೆ ಶಿಡ್ಲಘಟ್ಟದಲ್ಲಿ ಸ್ವಂತ ಅಂಗಡಿ ಹಾಕಿದೆ. ಅದು ಎಲ್ಲರ ಕೈಗೂ ಮೊಬೈಲು ಬಂದಿದ್ದ ಕಾಲ. ನಮ್ಮ ಕಡೆ ಮಿಸ್ಡ್ ಕಾಲ್ ಎನ್ನುವುದು ಒಂದು ಭಾಷೆಯೇ ಆಗಿತ್ತು. ಒಂದು ರಿಂಗು ಕೊಟ್ಟು ಕತ್ತರಿಸಿದರೆ ರೇಷ್ಮೆಗೂಡು ಮಾರಾಟವಾಯಿತು ಎಂದರ್ಥ. ಎರಡು ಸಲ ಕೊಟ್ಟರೆ ಬಸ್ಸು ಸಿಕ್ಕಿತು, ಅನ್ನಕ್ಕಿಡು ಎಂದರ್ಥ. ಮನುಷ್ಯರಿಗೆ ಅರ್ಥವಾಗುವುದು ಮೋಟರಿಗೆ ಯಾಕೆ ಅರ್ಥವಾಗಬಾರದು ಎಂದುಕೊಂಡು ನಾನೊಂದು ಡಬ್ಬ ಮಾಡಿದೆ. ಒಳಗೆ ಒಂದು ಸಿಮ್ಮು. ಅದನ್ನು ಹೊಲದ ಸ್ಟಾರ್ಟರಿಗೆ ಜೋಡಿಸಿದರೆ ಮುಗಿಯಿತು, ರೈತ ಮನೆಯಲ್ಲಿ ಕೂತು ಮಿಸ್ಡ್ ಕಾಲ್ ಕೊಟ್ಟರೆ ಕೊಳವೆಬಾವಿಯ ಮೋಟರು ಓಡುತ್ತದೆ. ಮೊದಲು ನನ್ನ ಮನೆಯ ನೀರಿನ ಸಂಪಿನ ಮೋಟರಿಗೇ ಹಾಕಿ ನೋಡಿದೆ. ಇಂಥ ಡಬ್ಬ ಜಿಲ್ಲೆಯಲ್ಲಿ ಮೊಟ್ಟಮೊದಲು ಮಾಡಿದವನು ನಾನು ಎಂದು ಕಂಡವರಿಗೆಲ್ಲ ಹೇಳುತ್ತಿದ್ದೆ. ಮಂಚೇನಹಳ್ಳಿಯಲ್ಲಿ ಇನ್ನೊಬ್ಬ ಮೋಟರ್ ಮೆಕ್ಯಾನಿಕ್ ಇದ್ದ. ಅವನೂ ಇದೇ ಮಾತನ್ನು ಗೌರಿಬಿದನೂರು ಕಡೆಯವರಿಗೆ ಹೇಳುತ್ತಿದ್ದ. ಈ ಕಾರಣಕ್ಕೆ ನಮ್ಮಿಬ್ಬರಿಗೆ ಮಾತಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಒಂದು ಕಂಪನಿಯಿಂದ ನೋಟಿಸು ಬಂತು. ದಪ್ಪ ಕಾಗದ, ಪೂರ್ತಿ ಇಂಗ್ಲಿಷು. ಚಿಕ್ಕಬಳ್ಳಾಪುರದ ಒಬ್ಬ ವಕೀಲರ ಬಳಿ ಒಯ್ದೆ. ಸಣ್ಣ ವಯಸ್ಸಿನ ಹೆಣ್ಣುಮಗಳು. ಪೇಟೆಂಟು ಕೇಸು ಅವರಿಗೂ ಮೊದಲನೆಯದು. ಬೆಂಗಳೂರಿನ ತಮ್ಮ ಸೀನಿಯರ್‌ಗೆ ಫೋನು ಮಾಡಿ, ಕೇಳಿ ಕೇಳಿ ನನಗೆ ಹೇಳಿದರು.

"ಅಣ್ಣ, ಕರೆ ಎತ್ತದೇನೇ ಅದರಿಂದ ಯಂತ್ರ ನಡೆಸೋ ವಿಧಾನ ತಮ್ಮದು ಅಂತಾರೆ. ಪೇಟೆಂಟು ತಗೊಂಡಿದಾರೆ. ನೀವು ಲೈಸೆನ್ಸ್ ತಗೋಬೇಕು, ಇಲ್ದಿದ್ರೆ ಡಬ್ಬ ಮಾಡೋದು ನಿಲ್ಲಿಸ್ಬೇಕು."

"ಮಿಸ್ಡ್ ಕಾಲ್ ಅವರ‍್ದಾ?"

"ಹಂಗೇ ಬರ‍್ದಿದಾರೆ."

"ಅವ್ರು ಮಾಡೋ ಡಬ್ಬ ಎಂಗಿದೆ ಮೇಡಂ?"

"ಅವ್ರು ಏನೂ ಮಾಡಲ್ಲ ಅಣ್ಣ. ಮಾಡೋರನ್ನ ಹುಡುಕಿ ನೋಟಿಸ್ ಕಳಿಸೋದೇ ಅವ್ರ ಬಿಸಿನೆಸ್ಸು."

"ಒಂದು ಸ್ಕ್ರೂನೂ ತಿರುಗಿಸಲ್ವಾ?"

"ತಿರುಗಿಸಿದ್ರೆ ಖರ್ಚಲ್ವಾ?"

ಆ ಡಬ್ಬವಿಲ್ಲದಿದ್ದರೆ ನನ್ನ ಅಂಗಡಿಯಲ್ಲಿ ಉಳಿಯುವುದು ಬರೀ ಸುಟ್ಟ ಮೋಟರುಗಳು. ದಾರಿ ಏನು ಎಂದು ಕೇಳಿದೆ. ಕಂಪನಿ ಅರ್ಜಿ ಹಾಕುವ ಮೊದಲೇ ಇಂಥ ಡಬ್ಬ ನಾಲ್ಕು ಜನರೆದುರು ಕೆಲಸ ಮಾಡಿತ್ತು ಎಂದು ತೋರಿಸಿದರೆ ಪೇಟೆಂಟು ನಿಲ್ಲುವುದಿಲ್ಲವಂತೆ. ನನ್ನ ಸಂಪಿನ ವಿಷಯ ಎದೆ ತಟ್ಟಿಕೊಂಡು ಹೇಳಿದೆ. ಅವರು ಸೀನಿಯರನ್ನು ಕೇಳಿ ಅಡ್ಡಡ್ಡ ತಲೆ ಆಡಿಸಿದರು.

"ಮನೆಯೊಳಗೆ ನಡೆದಿದ್ದು ಲೆಕ್ಕಕ್ಕಿಲ್ವಂತೆ. ಮಾರಿದ ಡಬ್ಬಗಳ ಬಿಲ್ಲಿದ್ಯಾ?"

ಬಿಲ್ಲು! ನಮ್ಮ ಊರುಗಳಲ್ಲಿ ಬಿಲ್ಲು ಕೊಟ್ಟರೆ ಗಿರಾಕಿ ನಮ್ಮನ್ನೇ ಅನುಮಾನಿಸುತ್ತಾನೆ. ನಾನು ಯಾರಿಗೂ ಕೊಟ್ಟವನಲ್ಲ, ಮಂಚೇನಹಳ್ಳಿಯವನೂ ಕೊಟ್ಟವನಲ್ಲ. ಆಗ ನನಗೆ ಕೈವಾರದ ಹತ್ತಿರದ ಒಂದು ಮದುವೆ ನೆನಪಾಯಿತು. ನೆನಪಾದ ಕೂಡಲೇ ಬೇಜಾರೂ ಆಯಿತು.

ಆ ಮದುವೆ ನಡೆದದ್ದು ಹುಡುಗಿಯ ಅಪ್ಪನ ಹೊಲದಲ್ಲಿ, ಪಂಪ್‌ಹೌಸಿನ ಪಕ್ಕದ ಪೆಂಡಾಲಿನಲ್ಲಿ. ಅಡುಗೆಯವರು ಡ್ರಮ್ಮಿಗೆ ನೀರು ಹಿಡಿದು ಪೈಪನ್ನು ಪೆಂಡಾಲಿನ ಕಡೆಗೇ ಬಿಟ್ಟಿದ್ದರು. ಸ್ಟಾರ್ಟರಿಗೆ ಜೋಡಿಸಿದ್ದು ಮಂಚೇನಹಳ್ಳಿಯವನ ಡಬ್ಬ. ನನ್ನ ಡಬ್ಬ ಯಜಮಾನನ ನಂಬರಿಗೆ ಮಾತ್ರ ಓಗೊಡುತ್ತದೆ. ಅವನದು ಯಾರು ಕರೆದರೂ ಎದ್ದು ನಿಲ್ಲುತ್ತಿತ್ತು. ಮುಹೂರ್ತದ ಹೊತ್ತಿಗೆ ಸರಿಯಾಗಿ ಕಾಲರ್ ಟ್ಯೂನು ಹಾಕಿಸಿಕೊಳ್ಳಿ ಎಂದು ಮೊಬೈಲ್ ಕಂಪನಿಯ ಜಾಹೀರಾತಿನ ಕರೆಯೊಂದು ಡಬ್ಬದ ಸಿಮ್ಮಿಗೆ ಬಂತು. ಮೋಟರು ಓಡಿತು. ಎರಡೂವರೆ ಇಂಚಿನ ಪೈಪಿನ ನೀರು ಪೆಂಡಾಲಿಗೆ ನುಗ್ಗಿತು. ನಾನೂ ಅಲ್ಲಿದ್ದೆ, ಬೆಳಗಿನ ತಿಂಡಿಯ ಪಂಕ್ತಿಯಲ್ಲಿ. ಇದೆಲ್ಲ ವಿಡಿಯೋದಲ್ಲಿದೆ, ಮೊದಲಿಗೇ ಗುಲಾಬಿ ಹೂಗಳ ನಡುವೆ ದೊಡ್ಡ ಅಕ್ಷರದಲ್ಲಿ ಮದುವೆಯ ತಾರೀಕಿನ ಸಮೇತ.

ವಕೀಲರನ್ನೂ ಕರೆದುಕೊಂಡು ಹುಡುಗಿಯ ಅಪ್ಪನ ಮನೆಗೆ ಹೋದೆ.

"ಏಮಯ್ಯಾ, ಇಷ್ಟು ವರ್ಷಕ್ಕೆ ನೆನಪಾಯ್ತಾ? ಆವತ್ತು ನೀನು ಎಲೆ ಮೇಲಿರೋ ಲಾಡು ಎತ್ಕೊಂಡು ಕುರ್ಚಿ ಹತ್ತಿದ್ದೆ, ವಿಡಿಯೋದಲ್ಲಿ ಚೆನ್ನಾಗಿ ಬಿದ್ದಿದೆ," ಎಂದು ಸಿ.ಡಿ. ಹಾಕಿದರು. "ನೋಡಮ್ಮಾ, ನಮ್ಮ ಅಳಿಯ. ಒಂದು ಕೈಲಿ ಪಂಚೆ ಎತ್ತಿ ಹಿಡ್ಕೊಂಡೇ ತಾಳಿ ಕಟ್ಟಿದ. ಮುಹೂರ್ತ ತಪ್ಪಲಿಲ್ಲ!"

ವಕೀಲರು ನಗದೆ ನೋಡಿದರು. ಕ್ಯಾಮೆರಾದವನು ಗಾಬರಿಯಲ್ಲಿ ಪಂಪ್‌ಹೌಸಿನ ಗೋಡೆಯನ್ನೂ ಹಿಡಿದಿದ್ದ. ಅಲ್ಲಿ ಮಿಣಮಿಣ ದೀಪ ಹಾಕುತ್ತ ಡಬ್ಬ ಕೂತಿತ್ತು.

"ಇದೇ ಸಾಕು, ತಾರೀಕು ಕಂಪನಿ ಅರ್ಜಿಗಿಂತ ಮೊದಲಿಂದು," ಎಂದರು ವಕೀಲರು. "ಇದನ್ನ ಮಾಡಿದೋರು ನಂದು ಅಂತ ಬರ‍್ಕೊಡಬೇಕು. ನೀವು, ಇಂಥ ಡಬ್ಬ ಜನರ ಮುಂದೆ ಕೆಲಸ ಮಾಡಿದ್ದು ನಾನು ಮೊದಲು ನೋಡಿದ್ದು ಇಲ್ಲೇ ಅಂತ ಅಫಿಡವಿಟ್ಟು ಕೊಡಬೇಕು."

"ಅಂದ್ರೆ ಅವನು ಮೊದಲು, ನಾನು ಆಮೇಲೆ."

"ಜನರ ಮುಂದೆ ಅಂತ, ಅಣ್ಣ."

"ಜನರ ಮುಂದೇನೇ ಅಲ್ವಾ ಮೇಡಂ ಮರ್ಯಾದೆ ಇರೋದು?"

ವಾರವೆಲ್ಲ ಸರಿಯಾಗಿ ಊಟ ಸೇರಲಿಲ್ಲ. ಕೊನೆಗೆ ಮಂಚೇನಹಳ್ಳಿ ಬಸ್ಸು ಹತ್ತಿದೆ.

"ಏನಯ್ಯಾ, ದಾರಿ ತಪ್ಪಿ ಬಂದ್ಯಾ?" ಎಂದ ಅವನು.

"ನಿಂಗೂ ನೋಟಿಸ್ ಬಂತಾ?"

"ಎರಡು ಬಂದಿದೆ. ನಿಂಗೆ ಒಂದೇನಾ?"

ಅದರಲ್ಲೂ ಅವನಿಗೆ ಮೇಲುಗೈ ಬೇಕು. ವಿಷಯ ಹೇಳಿದೆ. ಆ ಮದುವೆ ಡಬ್ಬ ನಿನ್ನದೆಂದು ಬರೆದುಕೊಡು ಎಂದೆ.

"ಅದು ನಿಂದಲ್ವಾ? ಗೌರಿಬಿದನೂರಲ್ಲಿ ಯಾರನ್ನ ಬೇಕಾದ್ರೂ ಕೇಳು."

"ಹಂಗಂತ ಊರಿಗೆಲ್ಲ ಹೇಳ್ಕೊಂಡು ಬಂದೋನು ನೀನೇ ಅಲ್ವೇನೋ!"

"ಸರಿ ಕಣಯ್ಯ, ನಿಂದೇ ಅಂತ ಸೈನ್ ಹಾಕ್ತೀನಿ. ನೀನೇ ಮೊದಲನೆಯೋನು ಆಗ್ತೀಯ. ಸಂತೋಷನಾ?"

ಸುಳ್ಳು ಹೇಳಬಾರದು, ಆ ಕ್ಷಣ ಆಸೆಯಾಯಿತು. ಆದರೆ ಸ್ಟೀಲಿನ ಊಟದ ಡಬ್ಬಿಯಲ್ಲಿ ಸರ್ಕ್ಯೂಟು ತುಂಬುವವನು ಜಿಲ್ಲೆಗೆಲ್ಲ ಇವನೊಬ್ಬನೇ, ಆ ಡಬ್ಬಿಯ ಮುಚ್ಚಳದ ಕ್ಲಿಪ್ಪು ಸಹ ವಿಡಿಯೋದಲ್ಲಿ ಕಾಣುತ್ತದೆ. ಅಲ್ಲದೆ ಕಾಲರ್ ಟ್ಯೂನಿಗೆ ಕುಣಿಯುವ ಡಬ್ಬವನ್ನು ನನ್ನದೆಂದು ಹೇಳಿಕೊಂಡು ಮೊದಲನೆಯವನಾಗುವುದು ನನಗೆ ಬೇಕಿರಲಿಲ್ಲ. ಜಗಳವಾಡಿಕೊಂಡು ವಾಪಸ್ಸು ಬಂದೆ.

ವಕೀಲರು ಅಷ್ಟರಲ್ಲಿ ಸಿ.ಡಿ.ಯ ವಿಷಯ ಕಂಪನಿಗೆ ತಿಳಿಸಿದ್ದರು. ಕಂಪನಿಯಿಂದ ಒಬ್ಬ ಆಫೀಸರು ಕಾರಿನಲ್ಲಿ ಚಿಕ್ಕಬಳ್ಳಾಪುರಕ್ಕೇ, ವಕೀಲರ ಆಫೀಸಿಗೆ ಬಂದ, ಮಂಚೇನಹಳ್ಳಿಯವನನ್ನೂ ಕರೆಸಿದ. ಅವನೆದುರು ನಾವಿಬ್ಬರೂ ಬೇರೆ ಬೇರೆ ಬೆಂಚಿನಲ್ಲಿ ಕೂತೆವು. ಹುಡುಗಿಯ ಅಪ್ಪ ಸಿ.ಡಿ.ಯನ್ನು ಬಟ್ಟೆಚೀಲದಲ್ಲಿಟ್ಟು ತೊಡೆಯ ಮೇಲೆ ಇಟ್ಟುಕೊಂಡಿದ್ದರು.

"ನಿಮ್ಮಿಂದ ಒಂದು ರೂಪಾಯೀನೂ ಬೇಡ," ಎಂದ ಆಫೀಸರು. "ಲೈಸೆನ್ಸ್ ಫ್ರೀ. ಸೈನ್ ಹಾಕಿ, ಆ ವಿಡಿಯೋ ಕಾಪಿಗಳನ್ನೆಲ್ಲ ನಮಗೆ ಕೊಟ್ಬಿಡಿ, ಸಾಕು."

"ಮದನಪಲ್ಲಿಲಿ ಗಂಡಿನ ಕಡೆಯೋರ ಹತ್ತು ಮನೇಲಿ ಕಾಪಿ ಇದೆ, ಹೋಗಿ ತಗೊಂಡು ಬಾಪ್ಪಾ," ಎಂದರು ಹುಡುಗಿಯ ಅಪ್ಪ. "ನಮ್ಮ ಬೀಗರು ಕೊಡಲ್ಲ. ಅವರಮ್ಮ ಬದುಕಿದ್ದಾಗ ತೆಗೆದ ವಿಡಿಯೋ ಇರೋದು ಅದೊಂದೇ."

ಬಿಟ್ಟಿ ಲೈಸೆನ್ಸ್ ಯಾಕೆ ಎಂದು ನನಗೆ ತಿಳಿಯಲಿಲ್ಲ. ವಕೀಲರು ಹೊರಗೆ ಕರೆದು ಹೇಳಿದರು: ನಾಳೆ ಇವರು ದೊಡ್ಡ ಕಂಪನಿಗಳ ಮುಂದೆ ಹೋಗಿ, ನೋಡಿ, ಇಷ್ಟು ಜನ ನಮ್ಮ ಪೇಟೆಂಟು ಒಪ್ಪಿ ಸೈನ್ ಹಾಕಿದ್ದಾರೆ ಎಂದು ತೋರಿಸುತ್ತಾರೆ. ಹಣ ಇರುವುದು ಅಲ್ಲಿ. ನಾವು ಬರೀ ಸಾಕ್ಷಿ.

ಒಳಗೆ ಬಂದಾಗ ಮಂಚೇನಹಳ್ಳಿಯವನು ಆಗಲೇ ಪೆನ್ನು ತೆಗೆದಿದ್ದ. ಅವನಿಗೆ ಇದು ಹಬ್ಬ: ದುಡ್ಡಿಲ್ಲ, ಡಬ್ಬ ತನ್ನದೆಂದು ಒಪ್ಪುವ ಗೋಳಿಲ್ಲ. ವಕೀಲರು ಕಾಗದದ ಕೊನೆಯ ಷರತ್ತನ್ನು ಕನ್ನಡದಲ್ಲಿ ಓದಿದರು: ಈ ವಿಧಾನವನ್ನು ಕಂಪನಿಗಿಂತ ಮೊದಲು ತಾವು ಕಂಡುಹಿಡಿದಿದ್ದಾಗಿ ಸೈನ್ ಹಾಕಿದವರು ಇನ್ನೆಂದೂ, ಎಲ್ಲಿಯೂ, ಬಾಯಿಮಾತಿನಲ್ಲಿಯೂ ಹೇಳತಕ್ಕದ್ದಲ್ಲ.

"ಅಂದ್ರೆ ನಾನು ಮೊದಲು ಅಂತ ಹೇಳೋ ಹಂಗಿಲ್ವಾ?" ಎಂದ ಅವನು.

"ಹೇಳೋ ಹಾಗಿಲ್ಲ," ಎಂದ ಆಫೀಸರು.

"ಟೀ ಅಂಗಡೀಲೂ?"

"ಎಲ್ಲೂ ಇಲ್ಲ."

"ಇವನಾದ್ರೂ ಹೇಳಬಹುದಾ?" ನನ್ನ ಕಡೆ ಕೈ ತೋರಿಸಿದ.

"ಅವರೂ ಹೇಳೋ ಹಾಗಿಲ್ಲ. ನಮ್ಮ ಅಪ್ಪಣೆಯಿಂದ ಮಾಡ್ತಿದೀವಿ ಅಂತ ಹೇಳ್ಕೊಳ್ಳಿ."

ಅಪ್ಪಣೆ! ನನ್ನ ಕಿವಿ ಬಿಸಿಯಾಯಿತು. ಎರಡನೆಯವನಾದರೂ ಸಹಿಸಿಕೊಂಡೇನು, ಒಂದು ಸ್ಕ್ರೂ ತಿರುಗಿಸದವನ ಅಪ್ಪಣೆಯಿಂದ ನನ್ನ ಮೇಜಿನ ಮುಂದೆ ಕೂರಲಾರೆ. "ಮೇಡಂ, ಆ ಅಫಿಡವಿಟ್ಟು ಕೊಡಿ," ಎಂದೆ. "ನಾನು ಮೊದಲು ನೋಡಿದ್ದು ಇವನ ಡಬ್ಬಾನೇ. ಲಾಡು ಹಿಡ್ಕೊಂಡು ನೋಡಿದೀನಿ."

ಮಂಚೇನಹಳ್ಳಿಯವನು ಎದ್ದು ನಿಂತ. ಮುಖ ಕೆಂಪಾಗಿತ್ತು. "ಆ ಡಬ್ಬ ನಂದೇ ಕಣಯ್ಯ! ಮದುವೆ ಮನೆ ಮುಳುಗಿಸಿದ್ದು ನಾನೇ! ಬರ‍್ಕೊಳ್ಳಿ ಮೇಡಂ, ದಪ್ಪಕ್ಷರದಲ್ಲಿ ಬರ‍್ಕೊಳ್ಳಿ!"

"ಅಂತೂ ಒಪ್ಕೊಂಡ," ಎಂದರು ಹುಡುಗಿಯ ಅಪ್ಪ. "ಆವತ್ತಿಂದ ಕೇಳ್ತಿದೀನಿ. ಪೆಂಡಾಲಿನೋನ ಜಮಖಾನ ಹಾಳಾಯ್ತು, ನೀನು ಫೋನ್ ಎತ್ತಲಿಲ್ಲ."

ಇಬ್ಬರೂ ಅಲ್ಲೇ ಅಫಿಡವಿಟ್ಟಿಗೆ ಸೈನ್ ಹಾಕಿದೆವು. ಅವನು ಮೊದಲು ಹಾಕಿದ, ನಾನು ಕೆಳಗೆ ಹಾಕಿದೆ. ಆಫೀಸರು ಟೀ ಕುಡಿಯದೆ ಹೊರಟ. ಸ್ವಲ್ಪ ದಿನಗಳಲ್ಲಿ ಕಂಪನಿ ನೋಟಿಸುಗಳನ್ನು ವಾಪಸ್ಸು ಪಡೆಯಿತು, ಮಂಚೇನಹಳ್ಳಿಯವನ ಎರಡನ್ನೂ ಸೇರಿಸಿ. ಈಗ ಯಾರಾದರೂ ಕೇಳಿದರೆ ಅವನು ಮೊದಲು, ನಾನು ಎರಡನೆಯವನು ಎನ್ನುತ್ತೇನೆ. ನನ್ನ ಡಬ್ಬಕ್ಕೆ ಯಾವ ಜಾಹೀರಾತು ಕರೆದರೂ ನೀರು ಬರುವುದಿಲ್ಲ ಎಂದೂ ಸೇರಿಸುತ್ತೇನೆ.

ಇವತ್ತಿಗೆ ನನ್ನ ಹತ್ತಿರ ಇರುವುದು: ಅಂಗಡಿ ಒಂದು, ಕೆಲಸದ ಮೇಜು ಎರಡು, ಸೋಲ್ಡರಿಂಗ್ ಗನ್ನು ಮೂರು, ಸಂಬಳಕ್ಕಿರುವವರು ಇಬ್ಬರು, ಅಫಿಡವಿಟ್ಟಿನ ನಕಲು ಒಂದು. ಲೈಸೆನ್ಸ್ ಇಲ್ಲ.