ಬಳೆ ಅಂಗಡಿಯ ಖಾಲಾ ಮತ್ತು ನನ್ನ ಬಲಗೈ

ಮೊನ್ನೆ ಔರಾದಿನ ಬಸ್ ನಿಲ್ದಾಣದ ಹಿಂದೆ ಒಬ್ಬಾಕೆ ಮದುಮಗಳ ಕೈಗೆ ಸಾಬೂನು ಹಚ್ಚಿ ಬಳೆ ಏರಿಸುತ್ತಿದ್ದಳು. ನಾನು ಪಾಠ ಹೇಳುವ ಕಾಲೇಜಿಗೆ ತಡವಾಗುತ್ತಿತ್ತು. ಆದರೂ ಒದ್ದೆ ಸಾಬೂನಿನ ಆ ವಾಸನೆಗೆ ಕಾಲು ನಿಂತುಬಿಟ್ಟವು...

ಭಾಲ್ಕಿಯಲ್ಲಿ ನಮ್ಮ ಮನೆಯ ಎದುರಿಗೇ ಬಳೆ ಅಂಗಡಿ ಇತ್ತು. ಅಂಗಡಿಯಾಕೆ ಇಡೀ ಓಣಿಗೆ ಖಾಲಾ, ಅಂದರೆ ಉರ್ದುವಿನಲ್ಲಿ ಚಿಕ್ಕಮ್ಮ. ಬಳೆ ಇಡಿಸಿಕೊಳ್ಳುವಾಗ ನಾನು ಕೈ ಬಿಗಿ ಹಿಡಿದರೆ ಬೈಯುತ್ತಿದ್ದಳು: "ಏ ಬೇಟಿ, ಸಡ್ಲ ಬಿಡ. ಇದು ಕೈ ಅದನೋ ಕಟಗಿ ಅದನೋ?"

ನಾನು ಐದನೆಯ ತರಗತಿಯಲ್ಲಿದ್ದಾಗ ಆ ಬಲಗೈ ತಾನಾಗಿಯೇ ಸಡಿಲಾಗತೊಡಗಿತು. ಮೊದಲು ಪೆನ್ಸಿಲ್ ಜಾರಿತು, ಆಮೇಲೆ ರೊಟ್ಟಿಯ ತುತ್ತು. ಬೀದರಿನಲ್ಲಿ ಸ್ಕ್ಯಾನ್ ಆಯಿತು. ತಲೆಯೊಳಗೆ ಗಡ್ಡೆ, ಹೈದರಾಬಾದಿಗೆ ಒಯ್ಯಿರಿ ಎಂದರು. ಬೀದರ್ ಬಳಿಯ ಕೊಳಾರದ ಕಾರ್ಖಾನೆಯಲ್ಲಿ ಕೂಲಿಗಿದ್ದ ಅಪ್ಪ ದುಡ್ಡು ಹೊಂದಿಸಲು ಓಡಾಡತೊಡಗಿದ. ಅವ್ವನಿಗೆ ಹಿಂದಿ ಅಷ್ಟಕ್ಕಷ್ಟೆ. ಖಾಲಾ ಅಂಗಡಿಗೆ ಬೀಗ ಹಾಕಿ ನಮ್ಮ ಸಂಗಡ ಹೊರಟಳು. ಹೈದರಾಬಾದು ಆಕೆಯ ತವರು.

ಡಾಕ್ಟರ್ ಎಂಆರ್‌ಐ ಚಿತ್ರ ತೋರಿಸಿದರು. ಮಿದುಳಿನೊಳಗಿನ ನರಗಳ ದಾರಿ ಬಣ್ಣಬಣ್ಣದ ಎಳೆಗಳಾಗಿ ಕಾಣುತ್ತಿತ್ತು. ಬಲಗೈಗೆ ಹೋಗುವ ಎಳೆಗಳು ಗಡ್ಡೆಯ ಒತ್ತಡಕ್ಕೆ ಬಾಗಿದ್ದವು. ಅವು ತುಂಡಾದರೆ ಕೈ ಮತ್ತೆ ಏಳುವುದಿಲ್ಲ. ಅದಕ್ಕೇ ಆಪರೇಷನ್ ನಡುವೆ ನಿಲ್ಲಿಸಿ ಮತ್ತೊಮ್ಮೆ ಎಂಆರ್‌ಐ ಮಾಡುತ್ತೇವೆ ಎಂದರು.

"ತಲಿ ತೆರದಿಟ್ಟು ನಡುವ ಫೋಟೋ ಯಾಕ್ರಿ?" ಅವ್ವ ಗಾಬರಿಯಾದಳು.

"ಗಡ್ಡಿ ತಗದಂಗ ತಗದಂಗ ಒಳಗಿನ ಎಳಿ ಜರಗ್ತಾವಂತ್ರಿ," ಖಾಲಾ ತಿಳಿಸಿ ಹೇಳಿದಳು. "ಹಳೀ ಫೋಟೋ ನಂಬಿ ಕತ್ರಿ ಹಾಕಿದ್ರ ಹುಡುಗಿ ಕೈ ಹೋಗ್ತದ. ಅದಕ್ಕ ಮತ್ತ ನೋಡ್ತಾರ."

ಮುಂದಿನದು ಅವ್ವನ ಬಾಯಿಂದ ಕೇಳಿದ್ದು. ಆಪರೇಷನ್ ಅರ್ಧಕ್ಕೆ ನರ್ಸ್ ಹೊರಬಂದು, ಎಂಆರ್‌ಐಗೆ ಒಯ್ಯುತ್ತಿದ್ದಾರೆ ಎಂದಳಂತೆ. ಅವ್ವ ಎಲ್ಲ ಮರೆತು, ಏನೋ ಕೆಟ್ಟಿತೆಂದು ಎದೆ ಬಡಿದುಕೊಂಡಳಂತೆ. ಖಾಲಾ ಆಕೆಯ ಎರಡೂ ಕೈ ಹಿಡಿದು, "ಅಳಬ್ಯಾಡ್ರಿ. ನೋಡ್ಕೋತ ನೋಡ್ಕೋತ ಹೊಂಟಾರ, ಛಲೋನೇ ಅಲ್ಲೇನ್ರಿ?" ಎಂದಳಂತೆ. ಆ ಕೈ ಕೊನೆಯವರೆಗೂ ಬಿಡಲಿಲ್ಲವಂತೆ.

ಎಚ್ಚರಾದಾಗ ಡಾಕ್ಟರ್ ತಮ್ಮ ಬೆರಳು ಹಿಡಿ ಎಂದರು. ಬಿಗಿಯಾಗಿ ಅಲ್ಲ, ಆದರೆ ಹಿಡಿದೆ. ಎಳೆಗಳು ಉಳಿದಿದ್ದವು.

ತಲೆಯ ಮೇಲೆ ಕೂದಲು ಬೆರಳುದ್ದ ಬಂದಾಗ ಖಾಲಾ ನನ್ನ ಬಲಗೈಗೆ ಬಳೆ ಇಡಲು ಕೂತಳು. ಕೀಟಲೆಗೆಂದು ಮುಷ್ಟಿ ಕಟ್ಟಿದೆ. ಬಳೆ ಚಟ್ಟನೆ ಒಡೆಯಿತು. ಅಪಶಕುನವೆಂದು ಅವ್ವ ಹೌಹಾರಿದಳು. ಖಾಲಾ ಮಾತ್ರ ಇನ್ನೊಂದು ಬಳೆ ತೆಗೆದು, "ಹಿಡಿ ಬೇಟಿ, ಇನ್ನಾ ಜೋರ್ ಹಿಡಿ! ಒಡದ್ರ ಒಡೀಲಿ, ಡಬ್ಬಿ ತುಂಬ ಅವ," ಎಂದು ನಕ್ಕಳು. ನಗುತ್ತಲೇ ಓಢಣಿಯಿಂದ ಕಣ್ಣೊರೆಸಿಕೊಂಡಳು...

ಅದೇ ಕೈಯಿಂದ ಬರೆದು ಬೀದರಿನಲ್ಲಿ ಡಿಗ್ರಿ ಮುಗಿಸಿದೆ. ಬೆರಳು ಬೇಗ ದಣಿಯುತ್ತಿದ್ದವು, ಉಜ್ಜಿಕೊಂಡು ಮತ್ತೆ ಬರೆಯುತ್ತಿದ್ದೆ. ನಮ್ಮ ಮನೆತನದಲ್ಲಿ ಡಿಗ್ರಿ ಪಡೆದವಳು ನಾನೇ ಮೊದಲು, ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಪ್ರತಿ ವರ್ಷ ಹೈದರಾಬಾದಿನ ತಪಾಸಣೆ ಮುಗಿಸಿ ಬಂದಾಗ ಮೊದಲು ಬಳೆ ಅಂಗಡಿಗೆ ಹೋಗಿ, "ಏನೂ ಇಲ್ಲಂತ, ಖಾಲಾ" ಎನ್ನುತ್ತಿದ್ದೆ. ಮನೆಗೆ ಆಮೇಲೆ.

ಹೋದ ಚಳಿಗಾಲದಲ್ಲಿ ಖಾಲಾ ತೀರಿಕೊಂಡಳು. ಈ ವರ್ಷ ಡಾಕ್ಟರ್, ಇನ್ನು ವರ್ಷ ವರ್ಷ ಬರುವುದು ಬೇಡ ಎಂದರು. ದಾರಿಯುದ್ದಕ್ಕೂ ಮೈ ಹಗುರಾಗಿತ್ತು. ಎದುರಿನ ಅಂಗಡಿಯಲ್ಲಿ ಈಗ ಮೊಬೈಲ್ ರಿಪೇರಿ ಮಾಡುತ್ತಾರೆ. ನೇರ ಮನೆಗೆ ಹೋಗಿ ಅವ್ವನಿಗೆ ಹೇಳಿದೆ. ಆಕೆ ನನ್ನ ತಲೆ ಸವರಿದಳು.

"ಖಾಲಾಗಿಂತ ಮೊದ್ಲ ನಂಗ ಹೇಳಿದ್ದು ಇದೊಂದೇ ಸಲ ನೋಡ್," ಎಂದಳು. ನಗಲು ನೋಡಿದಳು, ಆಗಲಿಲ್ಲ...