ಕಡಿದ ಕಬ್ಬು, ನಿಂತ ಕಬ್ಬು

ಗಾಲ್ಫ್ ಅಂದರೆ ಹಸಿರು ಹುಲ್ಲು, ಬಿಳಿ ಟೋಪಿ, ತಂಪು ಗಾಳಿ ಅಂತ ನೀವು ಅಂದುಕೊಂಡಿದ್ದರೆ ಒಮ್ಮೆ ನಮ್ಮ ಕಡೆ ಬನ್ನಿ. ಮುಧೋಳದ ಆಚೆ ಒಂದು ಸಕ್ಕರೆ ಕಾರ್ಖಾನೆಯ ಕಾಲನಿ ಹಿಂದೆ, ಉಳುಮೆಗೆ ಬಾರದ ಕಲ್ಲುನೆಲದಲ್ಲಿ ಒಂಬತ್ತು ಕುಳಿಗಳ ಮೈದಾನವಿದೆ. ಕುಳಿಯ ಸುತ್ತ ಹುಲ್ಲಿನ ಒಂದು ಎಸಳೂ ಇಲ್ಲ; ಉಸುಕಿಗೆ ಸುಟ್ಟ ಎಂಜಿನ್ ಎಣ್ಣೆ ಕಲಸಿ ತಟ್ಟಿದ ಕರಿ ಅಂಗಳ. ಕಬ್ಬು ನುರಿಸುವ ಹಂಗಾಮಿನಲ್ಲಿ ಚಿಮಣಿಯ ಬೂದಿ ಉದುರಿ ಅಂಗಿಯ ಮೇಲೆ ಕೂರುತ್ತದೆ, ಒರೆಸಲು ಹೋದರೆ ಇನ್ನಷ್ಟು ಬಳಿದುಕೊಳ್ಳುತ್ತದೆ. ಕಾಕಂಬಿಯ ಹುಳಿನಾತ ಒಮ್ಮೆ ಮೂಗಿಗೆ ಹತ್ತಿದರೆ ಮಧ್ಯಾಹ್ನದ ಊಟದ ತನಕ ಬಿಡುವುದಿಲ್ಲ. ಎರಡನೇ ಕುಳಿಗೆ ಅಡ್ಡ ಹರಿಯುವ, ಕಾರ್ಖಾನೆಯ ಕರಿನೀರಿನ ನಾಲಾದ ಮಾತಂತೂ ಬೇಡ, ಥೂ! ಅದರಲ್ಲಿ ಮೊಣಕೈ ತನಕ ಕೈ ಹಾಕಿ ನಾನು ಎತ್ತಿದ ಚೆಂಡುಗಳ ನೆನಪಾದರೆ ಇವತ್ತಿಗೂ ಅನ್ನ ಸೇರುವುದಿಲ್ಲ.

ನನ್ನದು ಬನಹಟ್ಟಿಯಲ್ಲಿ ಸೀರೆ ನೇಯಿಸುವ ಕೆಲಸ. ವಾರದ ಆರು ದಿನ ಮಗ್ಗಗಳ ಕಟಕಟ ಕೇಳಿ ತಲೆ ಚಿಟ್ಟು ಹಿಡಿದಿರುತ್ತದೆ. ಪರಿಚಯದ ಕಬ್ಬಿನ ಅಧಿಕಾರಿಯೊಬ್ಬರು, ಆ ಕಾರ್ಖಾನೆಯವರೇ, ಒಂದು ರವಿವಾರ ಬೆಳಿಗ್ಗೆ ಕರೆದುಕೊಂಡು ಹೋದರು. ಮೊದಲ ದಿನವೇ ನನ್ನ ಒಂದು ಹೊಡೆತ ಎಲ್ಲರಿಗಿಂತ ದೂರ ಹೋಗಿ ಬಿತ್ತು. ಅಲ್ಲಿಗೆ ನನ್ನ ತಲೆ ತಿರುಗಿತು. ಉಳಿದ ಹೊಡೆತಗಳೆಲ್ಲ ಜಾಲಿ ಕಂಟಿಯೊಳಗೆ ಹೋದದ್ದನ್ನು ನಾನು ಲೆಕ್ಕಕ್ಕೇ ಹಿಡಿಯಲಿಲ್ಲ.

ಮರುವಾರದಿಂದ ನಾವು ನಾಲ್ವರು. ನಾನು, ಕಬ್ಬಿನ ಅಧಿಕಾರಿ, ಜಮಖಂಡಿಯಿಂದ ಬರುವ ಒಬ್ಬ ಡಾಕ್ಟರಬಾಯಿ, ಮತ್ತು ಆ ಕಾರ್ಖಾನೆಯಲ್ಲೇ ಕೆಮಿಸ್ಟ್ ಆಗಿದ್ದು ನಿವೃತ್ತರಾದ ಒಬ್ಬ ಹಿರಿಯರು. ಮೂವರೂ ನನಗಿಂತ ಚೆನ್ನಾಗಿ ಆಡುವವರು. ಅದರಲ್ಲೂ ಡಾಕ್ಟರಬಾಯಿಯ ಆಟ ನೋಡಿದರೆ ನನಗೆ ಮೈ ಉರಿಯುತ್ತಿತ್ತು. ಆಕೆ ದೂರ ಹೊಡೆದದ್ದನ್ನು ನಾನು ಕಂಡೇ ಇಲ್ಲ. ನಾಲಾದ ಹತ್ತಿರ ಬಂದರೆ ಸಣ್ಣ ಕೋಲು ತೆಗೆದು ಈಚೆ ದಂಡೆಗೆ ಚೆಂಡು ಇಡುವುದು, ಆಮೇಲೆ ಮತ್ತೊಂದು ಸಣ್ಣ ಹೊಡೆತದಲ್ಲಿ ದಾಟಿಸುವುದು. ಇದೇನು ಆಟವೋ, ಹಿಟ್ಟು ಅಳೆದು ರೊಟ್ಟಿ ಬಡಿಯುವ ಕೆಲಸವೋ! ನಾನು ಒಂದೇ ಏಟಿಗೆ ದಾಟಿಸಲು ಹೋಗಿ ಕರಿನೀರಿನಲ್ಲಿ ಕೈ ಅದ್ದುತ್ತಿದ್ದೆ, ಆಕೆ ಮೂಗಿಗೆ ಸೆರಗು ಹಿಡಿದು ಕಾಯುತ್ತ ನಿಂತಿರುತ್ತಿದ್ದರು.

"ಕೈ ಛಲೋತ್ನಾಗಿ ತೊಳಕೊಂಡು ಮನಿಗೆ ಹೋಗ್ರಿ," ಅನ್ನುತ್ತಿದ್ದರು. ಅಷ್ಟೇ. ಆಟದ ಬಗ್ಗೆ ಒಂದು ಮಾತಿಲ್ಲ. ಪ್ರತಿ ರವಿವಾರ ಆಕೆಯೇ ಗೆಲ್ಲುತ್ತಿದ್ದರು.

ಹಿರಿಯರ ಕಥೆ ಬೇರೆ. ಆಯುಷ್ಯವೆಲ್ಲ ಸಕ್ಕರೆ ಕುದಿಸಿದ ಮನುಷ್ಯನ ಕಣ್ಣನ್ನು ಸಕ್ಕರೆ ಕಾಯಿಲೆಯೇ ತಿನ್ನುತ್ತಿತ್ತು. ಎರಡನೇ ವರ್ಷದ ಹೊತ್ತಿಗೆ ಕಾಲ ಬುಡದ ಚೆಂಡು ಕಾಣುತ್ತಿತ್ತು, ಮೂವತ್ತು ಹೆಜ್ಜೆ ಆಚೆ ಎಲ್ಲ ಮಬ್ಬು. ಮನೆಯವರು ಆಟ ಬಿಡು ಅಂತ ಗಂಟು ಬಿದ್ದಿದ್ದರು. ಅವರು ಬಿಡಲಿಲ್ಲ. ಒಂದು ದಿನ ನನ್ನ ಹೆಗಲ ಮೇಲೆ ಕೈ ಇಟ್ಟು ಹೇಳಿದರು:

"ನಿನ್ನ ಆಟ ಏನೂ ಉಪಯೋಗಿಲ್ಲ, ತಮ್ಮಾ. ಆದ್ರ ಕಣ್ಣ ಛಲೋ ಅದಾವು. ನೀ ನೋಡಿ ಹೇಳು, ನಾ ಹೊಡೀತೇನಿ. ನಿನ್ನ ಕಣ್ಣ ಇರೂತನಾ ನನ್ನ ಆಟ."

ಹೀಗೆ ಅವರ ಆಟ ಉಳಿಯುವುದೂ ಬಿಡುವುದೂ ನನ್ನ ಮಾತಿನ ಮೇಲೆ ನಿಂತಿತು.

ಮೊದಲ ದಿನ "ಮುಂದ ಹೆಂಗೈತಿ?" ಅಂದರು. "ಛಲೋ ಐತ್ರಿ," ಅಂದೆ.

"ಛಲೋ ಐತಿ ಅಂದ್ರ ಏನ್ ತಿಳೀಬೇಕಲೇ? ನಾ ಏನ ಹೆಣ್ಣ ನೋಡಾಕ ಬಂದೇನಿ? ಚೆಂಡ ಎಲ್ಲಿ ಹೋಗಬೇಕು ಅನ್ನೂದು ಆಮ್ಯಾಲ ಹೇಳು. ಎಲ್ಲಿ ಹೋಗಬಾರದು, ಅದನ್ನ ಮೊದ್ಲ ಹೇಳು."

ಅವತ್ತಿನಿಂದ ನಾನು ಆ ಹಾಳು ಮೈದಾನವನ್ನು ಮೊದಲ ಸಲ ನೋಡತೊಡಗಿದೆ. ಎಡಕ್ಕೆ ಜಾಲಿ, ಅದರ ಬುಡದಲ್ಲಿ ಕಲ್ಲು. ನಡುವೆ ನೆಲ ಬಲಕ್ಕೆ ಇಳಿಜಾರು, ಅಂದರೆ ಚೆಂಡು ಬಿದ್ದಮೇಲೂ ಬಲಕ್ಕೆ ಉರುಳುತ್ತದೆ. ಚಿಮಣಿಯ ಹೊಗೆ ಯಾವ ಕಡೆ ವಾಲಿದೆ ಅಂತ ಹೇಳಿದರೆ ಅವರು ಗಾಳಿಯ ಜೋರು ತಿಳಿದುಕೊಂಡು ಕೋಲು ಬದಲಿಸುತ್ತಿದ್ದರು. ಹೊಡೆಯುವ ಮೊದಲು ಇನ್ನೊಂದು ಪ್ರಶ್ನೆ ತಪ್ಪದೆ ಬರುತ್ತಿತ್ತು: "ಅಲ್ಲಿ ಬಿದ್ರ ಮುಂದಿನ ಹೊಡೆತಕ್ಕ ಕಾಲ ಊರಾಕ ಜಾಗಾ ಐತೇನು?" ಇಷ್ಟು ದಿನ ನಾನು ಇದೊಂದನ್ನೂ ಕೇಳಿಕೊಂಡಿರಲಿಲ್ಲ. ಡಾಕ್ಟರಬಾಯಿ ನಾಲಾದ ಈಚೆ ಯಾಕೆ ನಿಲ್ಲಿಸುತ್ತಿದ್ದರು ಅನ್ನುವುದು ಆಗ ತಿಳಿಯಿತು. ಈಚೆ ದಂಡೆಯಲ್ಲಿ ಹದಿನೈದು ಹೆಜ್ಜೆ ಸಪಾಟು ನೆಲವಿತ್ತು, ಅದು ಪ್ರತಿ ರವಿವಾರ ನನ್ನ ಕಣ್ಣೆದುರಿಗೇ ಇತ್ತು. ನನ್ನ ಬುದ್ಧಿಗೇಡಿತನಕ್ಕೆ ನನಗೇ ವಾಕರಿಕೆ ಬಂತು.

ತಿಳಿಯಿತು ಅಂದೆ. ಮಾಡಿದೆ ಅನ್ನಲಿಲ್ಲ. ಅವರಿಗೆ ನೋಡಿ ಹೇಳುವಾಗ ಶಾಣ್ಯಾ, ನನ್ನ ಸರದಿ ಬಂದಾಗ ಅದೇ ದೊಡ್ಡ ಕೋಲು, ಅದೇ ಜಾಲಿ ಕಂಟಿ.

ಆಡುತ್ತ ನಡೆಯುವಾಗ ಅವರು ನನ್ನ ದಂಧೆಯ ಬಗ್ಗೆ ಕೇಳುತ್ತಿದ್ದರು. ಒಮ್ಮೆ ಒಳಮಡಿಕೆಯ ವಿಷಯ ಹೇಳಿದೆ. ನೇಯುವಾಗ ಎಳೆ ಕಡಿದು ಸೀರೆಯಲ್ಲಿ ಗೆರೆ ಬಿದ್ದರೆ ಅದನ್ನು ಬೇರೆ ತೆಗೆದಿಡಬೇಕು. ಕೆಲವು ಹೊಲಸು ಮಂದಿ ಹಾಗೆ ಮಾಡುವುದಿಲ್ಲ. ಮಡಿಸುವಾಗ ಗೆರೆಯನ್ನು ಒಳಗಿನ ಮಡಿಕೆಗೆ ತಳ್ಳಿ, ಒಳ್ಳೆಯ ಭಾಗ ಮೇಲೆ ಕಾಣುವ ಹಾಗೆ ಕಟ್ಟುತ್ತಾರೆ. ಸೀರೆ ಖರೆ, ಬಣ್ಣ ಖರೆ, ತೋರಿಸಿದ್ದೆಲ್ಲ ಖರೆ. "ಅಂಥಾ ಕೆಲಸಾ ಮಾಡಿದವನ್ನ ನಾ ಅವತ್ತ ಹೊರಗ ಹಾಕಿದೆ. ಹೇಸಿಗಿ ಬರತೈತ್ರೀ," ಅಂತ ಎದೆ ಉಬ್ಬಿಸಿ ಹೇಳಿದ್ದೆ. ಅವರು "ಒಳಮಡಿಕಿ, ಒಳಮಡಿಕಿ," ಅಂತ ಎರಡು ಸಲ ಬಾಯಲ್ಲಿ ಆಡಿಸಿಕೊಂಡು ನಕ್ಕರು.

ಪ್ರತಿ ವರ್ಷ ಕಬ್ಬು ಕಡಿಯುವ ದಿನಗಳಲ್ಲಿ ಅಲ್ಲಿ ಜೋಡಿ ಪಂದ್ಯ ನಡೆಯುತ್ತದೆ. ಇಬ್ಬರಿಗೂ ಒಂದೇ ಚೆಂಡು. ಒಂದು ಹೊಡೆತ ಒಬ್ಬರದು, ಮುಂದಿನದು ಇನ್ನೊಬ್ಬರದು. ಹಿರಿಯರು ಅದನ್ನು ಒಮ್ಮೆಯೂ ಗೆದ್ದಿರಲಿಲ್ಲ. ಆ ವರ್ಷ ನನ್ನನ್ನೇ ಜೋಡಿ ಮಾಡಿಕೊಂಡರು. "ಈ ಸಲ ಇವನ ಕೂಡ ನೆಟ್ಟಗ ಆಡಿದ್ರ ಮುಂದಿನ ವರ್ಷಾನೂ ಆಡತೇನಿ. ಇಲ್ಲಂದ್ರ ನೀವ್ ಹೇಳ್ದಂಗ ಮನ್ಯಾಗ ಕುಂದರತೇನಿ," ಅಂತ ಮನೆಯವರಿಗೆ ಮಾತು ಕೊಟ್ಟು ಬಂದಿದ್ದರು.

ಕೊನೆಗೆ ಎದುರು ಉಳಿದವರು ಡಾಕ್ಟರಬಾಯಿ ಮತ್ತು ಕಬ್ಬಿನ ಅಧಿಕಾರಿ. ಎಂಟು ಕುಳಿ ಮುಗಿದಾಗ ಸಮಸಮ. ಆ ಎಂಟು ಕುಳಿಗಳಲ್ಲಿ ನಾನು ಹಿರಿಯರು ಹೇಳಿದಂತೆ ಸಣ್ಣ ಕೋಲಿನಲ್ಲೇ ಆಡಿದ್ದೆ. ನನಗೇ ನಂಬಿಕೆ ಬರಲಿಲ್ಲ. ಒಮ್ಮೆಯೂ ನಾಲಾಕ್ಕೆ ಕೈ ಹಾಕಿರಲಿಲ್ಲ.

ಒಂಬತ್ತನೇ ಕುಳಿಯ ದಾರಿ ಬಲಕ್ಕೆ ತಿರುಗುತ್ತದೆ. ತಿರುವಿನ ಒಳಮೂಲೆಯಲ್ಲಿ ಒಂದು ಕಬ್ಬಿನ ಹೊಲ. ಅಲ್ಲಿಯ ಕಟ್ಟಳೆ ಎಲ್ಲರಿಗೂ ಗೊತ್ತು: ಕಬ್ಬು ಕಡಿದಿದ್ದರೆ ಹೊಲವೂ ಮೈದಾನವೇ, ಚೆಂಡು ಬಿದ್ದಲ್ಲಿಂದ ಆಡಬಹುದು. ಕಬ್ಬು ನಿಂತಿದ್ದರೆ ಔಟು. ಒಂದು ಹೊಡೆತ ದಂಡ ತೆತ್ತು ಮೊದಲಿನ ಜಾಗದಿಂದಲೇ ಮತ್ತೆ ಹೊಡೆಯಬೇಕು. ನಿಂತಾಗ ಎಡಕ್ಕೆ ಬೇವಿನ ಗಿಡದ ಕಡೆ ಆಡಿ ಸುತ್ತಿ ಹೋಗುವುದು, ಕಡಿದಾಗ ಧೈರ್ಯವಿದ್ದವನು ಹೊಲದ ಮೇಲಿಂದ ನೇರ ಹೊಡೆಯುವುದು. ಮೊದಲ ಹೊಡೆತ ನನ್ನದು.

"ಕಬ್ಬ ನಿಂತೈತೋ ಕಡದಾರೋ?" ಅಂತ ಹಿರಿಯರು ಕೇಳಿದರು.

ಹೊಲ ಅರ್ಧ ಕಡಿದಿತ್ತು. ನಮ್ಮ ಕಡೆಯ ಅರ್ಧದಲ್ಲಿ ಕಬ್ಬಿನ ಒಣ ಎಲೆ, ರವದಿ, ಹಾಸಿಕೊಂಡಿತ್ತು, ಕಡಿದ ಕಬ್ಬು ಹೇರಿದ ಟ್ರ್ಯಾಕ್ಟರ್ ನಿಂತಿತ್ತು. ಆಚೆಯ ಅರ್ಧದಲ್ಲಿ ಆಳೆತ್ತರದ ಕಬ್ಬು ಹಾಗೇ ಇತ್ತು. ನನ್ನ ಕೈ ಆಗಲೇ ದೊಡ್ಡ ಕೋಲಿನ ಮೇಲೆ ಹೋಗಿತ್ತು. ಒಂದು ಏಟು ಸರಿಯಾಗಿ ಕೂತರೆ ಎಲ್ಲವನ್ನೂ ದಾಟಿಸಿ ಕುಳಿಯ ಹತ್ತಿರವೇ ಬೀಳುತ್ತದೆ, ಮಂದಿ ವರ್ಷಗಟ್ಟಲೆ ಮಾತಾಡುತ್ತಾರೆ, ಅನ್ನುವ ಹುಳ ತಲೆಯಲ್ಲಿ ಓಡಾಡುತ್ತಿತ್ತು.

"ಕಡದಾರ್ರೀ," ಅಂದೆ.

ಡಾಕ್ಟರಬಾಯಿ ಥಟ್ಟನೆ ನನ್ನ ಮುಖ ನೋಡಿದರು. ಎದುರಾಳಿ ಬಾಯಿ ಹಾಕಬಾರದು, ಹಾಕಲಿಲ್ಲ. ಹಿರಿಯರು ಒಂದು ಕ್ಷಣ ತಲೆ ಓರೆ ಮಾಡಿ ನಿಂತರು. ಆಮೇಲೆ "ಹಂಗಾರ ಹೊಡಿ," ಅಂದರು.

ಹೊಡೆದೆ. ಚೆಂಡು ಎತ್ತರಕ್ಕೆ ಹೋಯಿತು, ನೋಡಲು ಬಹಳ ಚೆಂದವಿತ್ತು, ಹೋಗಿ ನಿಂತ ಕಬ್ಬಿನ ನಡುವೆ ಬಿತ್ತು.

"ಔಟ್," ಅಂದರು ಕಬ್ಬಿನ ಅಧಿಕಾರಿ.

ದಂಡ ತೆತ್ತ ಮೇಲೆ ಅದೇ ಜಾಗದಿಂದ ಹಿರಿಯರು ಹೊಡೆಯಬೇಕಾಯಿತು. ಅವರು ಏನೂ ಕೇಳಲಿಲ್ಲ. ಸಣ್ಣ ಕೋಲು ತೆಗೆದು ಬೇವಿನ ಗಿಡದ ನೆರಳಿಗೆ ಇಟ್ಟರು. ಕಾಣದ ಕಣ್ಣಿನಲ್ಲಿ ಎಲ್ಲಿ ಇಡಬೇಕೋ ಅಲ್ಲಿಯೇ. ಆದರೆ ಆಟ ಕೈ ಬಿಟ್ಟಿತ್ತು. ಒಂದೇ ಒಂದು ಹೊಡೆತದಿಂದ ಸೋತೆವು.

ಚಹಾ ಕುಡಿಯುವಾಗ ಅವರು ಬಸಿ ಕೆಳಗಿಟ್ಟು ಕೇಳಿದರು: "ಎಷ್ಟ ಕಡದಾರು?"

"ಅರ್ಧಾ ರೀ."

"ಈ ಕಡೀದು?"

"ಹೌದ್ರೀ."

"ಗಾಳಿ ಬಿಟ್ಟಿತ್ತು. ನಿಂತ ಕಬ್ಬಿನ ಎಲಿ ಸಪ್ಪಳಾ ನನಗ ಕೇಳಾಕತ್ತಿತ್ತು."

ನನಗೆ ರೇಗಿತು. ನಾಚಿಕೆಯಾದಾಗ ನನಗೆ ಯಾವಾಗಲೂ ಮೊದಲು ರೇಗುತ್ತದೆ. "ಹಂಗಾರ ಹೊಡಿ ಅಂತ ಯಾಕಂದ್ರಿ ಮತ್ತ?"

"ನೀ ಕಡದಾರ ಅಂದೆಲ್ಲಾ," ಅಂದರು. ದನಿಯಲ್ಲಿ ಸಿಟ್ಟೂ ಇರಲಿಲ್ಲ. "ನನ್ನ ಕಿವಿಗೆ ಏನೋ ಆಗೇತಿ ಅಂತ ತಿಳದೆ. ನಿನ್ನ ನಂಬಿದೆ." ಬಸಿ ಮತ್ತೆ ಎತ್ತಿಕೊಂಡು, ಚಹಾದತ್ತಲೇ ಮುಖ ಮಾಡಿ, "ಒಳಮಡಿಕಿ ಹಾಕಿದೆಲ್ಲೋ ತಮ್ಮಾ," ಅಂದರು.

ಛೀ, ಆ ಮಾತು ನನ್ನ ಬಾಯಿಂದಲೇ ಅವರು ಕಲಿತದ್ದು. ಕರಿನೀರಿನ ನಾಲಾದಲ್ಲಿ ಕೈ ಅದ್ದಿದಾಗಲೂ ನನಗೆ ನನ್ನ ಮೇಲೆ ಅಷ್ಟು ಹೇಸಿಗೆ ಆಗಿರಲಿಲ್ಲ. ಅದು ಸಾಬೂನು ಹಚ್ಚಿದರೆ ಹೋಗುತ್ತಿತ್ತು. ಆ ದಿನ ಮಹಾಲಿಂಗಪುರ ದಾಟುವ ತನಕ ಕಾರಿನಲ್ಲಿ ಒಬ್ಬನೇ ನನ್ನನ್ನು ನಾನೇ ಬೈದುಕೊಂಡೆ, ಬಾಯಿಗೆ ಬಂದದ್ದೆಲ್ಲ.

ಎರಡು ವಾರ ಮುಖ ತೋರಿಸಲಿಲ್ಲ. ಮೂರನೇ ರವಿವಾರ ಹೋದೆ. ಮನೆಯವರಿಗೆ ಕೊಟ್ಟ ಮಾತಿನಂತೆ ಹಿರಿಯರು ಮನೆಯಲ್ಲಿ ಕೂತಿರಬಹುದು ಅಂದುಕೊಂಡಿದ್ದೆ; ಇಲ್ಲ, ಬಂದಿದ್ದರು, ಟೋಪಿ ಹಾಕಿಕೊಂಡು. ನನ್ನನ್ನು ದನಿಯಿಂದ ಗುರುತಿಸಿ, "ಬಾರೋ ತಮ್ಮಾ, ಎಲ್ಲಿ ಕಾಣವಲ್ಲಿ?" ಅಂತ ಮೊದಲಿನಂತೆಯೇ ಮಾತಾಡಿಸಿದರು. ಮಗ್ಗಗಳ ಬಗ್ಗೆ ಕೇಳಿದರು. ಎಲ್ಲ ಸರಿಹೋಯಿತು ಅಂತ ನನ್ನ ಎದೆ ಹಗುರವಾಯಿತು. ಮೊದಲ ಕುಳಿಗೆ ಬಂದೆವು. ಅವರು ಕಾಲ ಬುಡದಲ್ಲಿ ಚೆಂಡು ಇಟ್ಟುಕೊಂಡರು. ನಾನು ಅಭ್ಯಾಸದಂತೆ ಅವರ ಬಲಕ್ಕೆ ಹೋಗಿ ನಿಂತೆ. ಎಡಕ್ಕೆ ಜಾಲಿ, ನಡುವೆ ಇಳಿಜಾರು, ಹೊಗೆ ಉತ್ತರಕ್ಕೆ ವಾಲಿತ್ತು, ಎಲ್ಲ ಹೇಳಲು ಬಾಯಿ ತೆರೆದೆ.

ಅವರು ನನ್ನನ್ನು ದಾಟಿ ಆಚೆ ಮುಖ ತಿರುಗಿಸಿದರು.

"ಡಾಕ್ಟರಬಾಯಾರ," ಅಂದರು, "ಮುಂದ ಹೆಂಗೈತಿ, ನೀವ್ ಸ್ವಲ್ಪ ನೋಡಿ ಹೇಳ್ರೆಲಾ."